ಮಾಡಿಸಿದವನ ಪಾಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಬಿಚ್ಚಿ, ಅದರೊಳಗೇ ವಾಸವಿದ್ದುಕೊಂಡು ಸರಿಪಡಿಸುವವರ ಪಾಡೇನೆಂದು ಹೇಳಲಿಲ್ಲ. ವರ್ಷಕ್ಕೊಮ್ಮೆ ಮಾಡಿನ ಒಡೆದ ಹೆಂಚು ಬದಲಿಸಿ, ಗೋಡೆಗೆ ಸುಣ್ಣ ಬಳಿದರೆ ಮನೆ ಇನ್ನೊಂದು ತಲೆಮಾರಿಗೆ ಸಾಗುತ್ತಿದ್ದ ಕಾಲ ಅದು. ಹಾಗೆ ಸಾಗಿ ಬಂದ ಮನೆಗಳಿಗೆ ಈಗ ದೊಡ್ಡ ದುರಸ್ತಿಯ ಸರದಿ ಬಂದಿದೆ. ಸಮಾಜದ ಅನೇಕ ಕುಟುಂಬಗಳಲ್ಲಿ ಇಂದು ಇದೇ ಚರ್ಚೆ: ಕೆಲಸವನ್ನು ಗುತ್ತಿಗೆಗೆ ಕೊಡುವುದೋ, ತಾವೇ ನಿಂತು ಮಾಡಿಸುವುದೋ? ಇದನ್ನು ಹಣಕಾಸಿನ ಪ್ರಶ್ನೆಯೆಂದೇ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಅದು ಶ್ರಾವಕಾಚಾರದ ಪ್ರಶ್ನೆಯೂ ಹೌದೆಂಬುದು ಒಂದು ಮನೆಯಲ್ಲಿ ನಡೆದ ಸಂಗತಿಯಿಂದ ತಿಳಿದೀತು.

ಕಾರ್ಕಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗಿರುವ ಊರಿನ ಮನೆ ಅದು. ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಚಾವಡಿಗೆ ಹಲಸಿನ ಕಂಬಗಳು, ಒಳಗೆ ಮರದ ಮುಚ್ಚಿಗೆ, ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹೆಂಚಿಗೆ ಬದಲಾದವು. ಈ ಮನೆಗೆ ಹೆಂಚು ಬಂದದ್ದು ಈಗಿನ ಒಡತಿಯ ಅಜ್ಜಿಯ ಕಾಲದಲ್ಲಿ. ಅಳಿಯಸಂತಾನದ ಕಟ್ಟಿನ ಕುಟುಂಬವಾದುದರಿಂದ ಮನೆ ತಾಯಿಯಿಂದ ಮಗಳಿಗೆ ಇಳಿದು ಬಂದದ್ದು. ಒಡತಿಯ ಪತಿ ನಿವೃತ್ತ ಮಾಸ್ತರರು. ಊರಿನ ಬಸದಿಯ ಆಡಳಿತ ಸಮಿತಿಯಲ್ಲಿ ಬಹುಕಾಲ ಇದ್ದವರು, ಒಮ್ಮೆ ಕಾರ್ಯದರ್ಶಿಯೂ ಆಗಿದ್ದವರು.

2024ರ ಮಳೆಗಾಲದಲ್ಲಿ ಅಡುಗೆಮನೆಯ ಮಾಡು ಮೂಲ ಮಾಡನ್ನು ಕೂಡುವ ಮೂಲೆಯಿಂದ ನೀರು ಇಳಿಯತೊಡಗಿತು. ಗೋಡೆ ನೆನೆಯಿತು. ನೆನೆದ ಗೋಡೆಯ ಒತ್ತಿನಲ್ಲಿದ್ದ ಕಂಬಕ್ಕೆ ಗೆದ್ದಲು ಹತ್ತಿ ಮುಚ್ಚಿಗೆಯವರೆಗೂ ಮಣ್ಣಿನ ದಾರಿ ಕಟ್ಟಿಕೊಂಡಿತು. ಪಕ್ಕಾಸುಗಳನ್ನು ಬೆರಳಿನಿಂದ ತಟ್ಟಿದರೆ ಎರಡು ಮೂರು ಕಡೆ ಟೊಳ್ಳು ಸದ್ದು. ಮನೆಯೊಡತಿಗೆ ಮೊಣಕಾಲು ನೋವು ಹೆಚ್ಚಾಗಿ, ಅಂಗಳದಾಚೆಯ ಬಚ್ಚಲಿಗೆ ಮಳೆಯಲ್ಲಿ ಹೋಗಿ ಬರುವುದು ಅಪಾಯವೆನಿಸಿತ್ತು. ಮಾಡು ಬಿಚ್ಚಬೇಕು, ಕಂಬ ಬದಲಿಸಬೇಕು, ಅಡುಗೆಮನೆ ಸರಿಯಾಗಬೇಕು, ಒಳಗೇ ಬಚ್ಚಲು ಬೇಕು. ಇಷ್ಟರಲ್ಲಿ ಯಾವುದೂ ಭೋಗದ ಮಾತಲ್ಲ.

ಕೆಲವು ವರ್ಷಗಳ ಹಿಂದೆ, ಮುನಿಗಳೊಬ್ಬರ ಚಾತುರ್ಮಾಸ್ಯದ ಸಂದರ್ಭದಲ್ಲಿ, ಈ ದಂಪತಿ ಪರಿಗ್ರಹ ಪರಿಮಾಣದ ನಿಯಮ ತೆಗೆದುಕೊಂಡಿದ್ದರು. ಆ ವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಬರುವುದೇ ಹೊಲ ಮತ್ತು ಮನೆ. ಇರುವ ಪಾಯದ ಹೊರಗೆ ಒಂದು ಕೋಣೆಯನ್ನೂ ಎತ್ತುವುದಿಲ್ಲವೆಂದು ಅವರು ನಿಶ್ಚಯಿಸಿದ್ದರು. ಆದ್ದರಿಂದ ಹೊಸ ಬಚ್ಚಲಿಗೆ ಜಾಗ ಹುಡುಕಿದ್ದು ಪತ್ತಾಯದ ಕೋಣೆಯಲ್ಲಿ. ಗದ್ದೆ ಬೇಸಾಯ ನಿಂತು ಎಷ್ಟೋ ವರ್ಷಗಳಾಗಿ ಭತ್ತವಿಲ್ಲದ ಆ ಪತ್ತಾಯದಲ್ಲಿ ಹಳೆಯ ಪಾತ್ರೆಗಳಿದ್ದವು. ವ್ರತದ ಗಡಿಯ ವಿಷಯದಲ್ಲಿ ತೊಡಕು ಉಳಿಯಲಿಲ್ಲ. ಅದು ಬಂದದ್ದು ಬೇರೆ ಕಡೆಯಿಂದ.

ಬೆಂಗಳೂರಿನಲ್ಲಿರುವ ಮಗ ದೂರವಾಣಿಯಲ್ಲಿ ಒಂದೇ ಮಾತು ಹೇಳಿದ: “ಅಪ್ಪಾ, ನೀವು ಈ ವಯಸ್ಸಿನಲ್ಲಿ ಬಿಸಿಲಿಗೆ ನಿಲ್ಲುವುದು ಬೇಡ. ಯಾರಿಗಾದರೂ ಪೂರ್ತಿ ಗುತ್ತಿಗೆ ಕೊಟ್ಟುಬಿಡಿ. ಹಣ ನಾನು ಕಳಿಸುತ್ತೇನೆ. ಆಮೇಲೆ ಎಲ್ಲ ಅವರ ಜವಾಬ್ದಾರಿ.” ಪ್ರೀತಿಯಿಂದ ಆಡಿದ ಮಾತು. ಅದರ ಕೊನೆಯ ವಾಕ್ಯ ಮಾತ್ರ ಮಾಸ್ತರರಿಗೆ ರಾತ್ರಿಯೆಲ್ಲ ಚುಚ್ಚಿತು. ಏಕೆಂಬುದನ್ನು ಅವರು ಆಗ ಪತ್ನಿಗೂ ಹೇಳಲಿಲ್ಲ.

ಮುಂದಿನ ತಿಂಗಳಲ್ಲಿ ಇಬ್ಬರು ಗುತ್ತಿಗೆದಾರರು ಬಂದು ನೋಡಿ ಹೋದರು. ಪೇಟೆಯಿಂದ ಬಂದವರು ಕೋಣೆಗಳನ್ನು ಹತ್ತು ನಿಮಿಷದಲ್ಲಿ ಸುತ್ತಿ, ಸಾಮಾನು ಸಹಿತ 16 ಲಕ್ಷವೆಂದರು. “ಬೀಗದ ಕೈ ನನಗೆ ಕೊಟ್ಟು ಮಗನ ಮನೆಗೆ ಹೋಗಿ ಬನ್ನಿ. ಆರು ತಿಂಗಳಿಗೆ ಹೊಸ ಮನೆಯ ಬೀಗದ ಕೈ ಕೊಡುತ್ತೇನೆ.” ಎರಡನೆಯವರು ಅದೇ ಊರಿನ ಕಡೆಯವರು, ಹಿಂದೆ ತಾವೇ ಕರಣೆ ಹಿಡಿದು ಗಾರೆ ಕೆಲಸ ಮಾಡಿದವರು. ಅವರು ಗೋಡೆಗೆ ಕಿವಿಕೊಟ್ಟು, ಏಣಿಯಿಟ್ಟು ಅಟ್ಟ ಹತ್ತಿ, ಅರ್ಧ ದಿನ ಕಳೆದರು. ಒಟ್ಟು ಮೊತ್ತ ಹೇಳಲು ಒಪ್ಪಲಿಲ್ಲ. ಹಳೆಯ ಮನೆಯ ಗಾರೆ ಕೆದಕುವ ತನಕ ಒಳಗೇನಿದೆಯೆಂದು ತಿಳಿಯುವುದಿಲ್ಲ. ತಿಳಿಯದೆ ಒಂದೇ ಮೊತ್ತ ಹೇಳುವವನು ಒಂದೋ ನಷ್ಟದ ಭಯದಿಂದ ಮೊದಲೇ ಹೆಚ್ಚು ಸೇರಿಸಿರುತ್ತಾನೆ, ಇಲ್ಲವೇ ನಡುವೆ ಎಲ್ಲಾದರೂ ಕಡಿತ ಮಾಡಿ ಸರಿದೂಗಿಸುತ್ತಾನೆ ಎಂದರು. ಕೆಲಸವಾರು ದರ, ಆದ ಮೇಲೆ ಅಳತೆ, ಅಳತೆಗೆ ತಕ್ಕ ಹಣ. ಅಂದಾಜು ಹದಿಮೂರೂವರೆ ಲಕ್ಷ. ಮೂರನೆಯದು ಮಾಸ್ತರರು ತಾವೇ ನೋಟ್‌ಬುಕ್ಕಿನಲ್ಲಿ ಹಾಕಿದ ಲೆಕ್ಕ: ಮೇಸ್ತ್ರಿ, ಆಚಾರಿ, ಕೊಳಾಯಿಯವನು, ವಿದ್ಯುತ್ತಿನವನು, ಎಲ್ಲರೂ ದಿನಗೂಲಿ, ಸಾಮಾನು ತಮ್ಮದೇ ಖರೀದಿ. ಹನ್ನೊಂದೂವರೆ ಲಕ್ಷ.

ಎರಡು ಲಕ್ಷದ ಉಳಿತಾಯ ಕಡಿಮೆಯಲ್ಲ. ಅಲ್ಲದೆ ತಾವೇ ನಿಂತು ಮಾಡಿಸಿದರೆ ಜೀವದಯೆಗೆ ಅವಕಾಶ ಹೆಚ್ಚೆಂಬುದು ಅನೇಕರ ಭಾವನೆ. ಪಾಯ ಅಗೆಯುವಾಗ ಕಣ್ಣಿರುತ್ತದೆ, ನೀರು ಸೋಸಲು ಹೇಳಬಹುದು, ಕತ್ತಲಾಗುವ ಮೊದಲು ಕೆಲಸ ನಿಲ್ಲಿಸಬಹುದು. ಮಾಸ್ತರರೂ ಹಾಗೆಯೇ ನಂಬಿದ್ದರು. ಅವರ ಪತ್ನಿ ಒಪ್ಪಲಿಲ್ಲ. 2011ರಲ್ಲಿ ತೋಟದ ಬದಿಯ ಆವರಣಗೋಡೆಯನ್ನು ದಿನಗೂಲಿಯ ಮೇಲೆ ಮಾಡಿಸಿದ ನಲವತ್ತು ದಿನಗಳನ್ನು ಆಕೆ ನೆನಪಿಸಿದರು. ಆಗ ಮಾಸ್ತರರು ಖಾಲಿ ಸಿಮೆಂಟಿನ ಚೀಲಗಳನ್ನು ಎರಡೆರಡು ಸಲ ಎಣಿಸಿದ್ದರು. ಚಹಾಕ್ಕೆ ಕುಳಿತವರು ಎದ್ದರೋ ಇಲ್ಲವೋ ಎಂದು ಗಡಿಯಾರ ನೋಡಿದ್ದರು. ಒಬ್ಬ ಹುಡುಗ ಅರ್ಧ ದಿನ ಜ್ವರವೆಂದು ಹೋದುದಕ್ಕೆ ಸಂಜೆ ಕೂಲಿ ಮುರಿದುಕೊಂಡಿದ್ದರು. “ಆ ನಲವತ್ತು ದಿನ ನೀವು ಸಾಮಾಯಿಕಕ್ಕೆ ಕುಳಿತದ್ದೂ ಉಂಟು, ಕುಳಿತಲ್ಲಿಂದಲೇ ಮೇಸ್ತ್ರಿಯನ್ನು ಕೂಗಿ ಕರೆದದ್ದೂ ಉಂಟು” ಎಂದು ಆಕೆ ನಕ್ಕರು. ನಗೆಯಲ್ಲಿ ಆಕ್ಷೇಪವಿತ್ತು. ಮಾಸ್ತರರಿಗೆ ಉತ್ತರ ಹೊಳೆಯಲಿಲ್ಲ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಸ್ವಾಧ್ಯಾಯದಲ್ಲಿ ಓದಿದವರಿಗೆ ಈ ಲೆಕ್ಕ ಗೊತ್ತು. ಸಂಕಲ್ಪಿಸುವುದು, ಸಿದ್ಧತೆ ಮಾಡುವುದು, ಆರಂಭಿಸುವುದು ಎಂದು ಮೂರು. ಅವು ಮನಸ್ಸು, ಮಾತು, ಕಾಯಗಳಿಂದ ಆಗುವಾಗ ಒಂಬತ್ತು. ತಾನೇ ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಎಂದು ನೋಡಿದರೆ ಇಪ್ಪತ್ತೇಳು. ಕ್ರೋಧ, ಮಾನ, ಮಾಯೆ, ಲೋಭಗಳಿಂದ ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೆ ಈ ಎಣಿಕೆಯನ್ನೇ ಹೇಳುವ ರೂಢಿಯೂ ಇದೆ. ಮಣಿ ಎಣಿಸುವಾಗ ಇದನ್ನು ನೆನೆಯುವವರು ಎಷ್ಟು ಮಂದಿಯೋ! ತಾವೇ ನಿಂತು ಮಾಡಿಸಿದ ಗೋಡೆಯ ಕೆಲಸದಲ್ಲಿ ಕ್ರೋಧಲೋಭಗಳ ಮನೆ ತುಂಬಿತ್ತು. ಗುತ್ತಿಗೆಗೆ ಕೊಟ್ಟರೆ ಆ ಮನೆ ಬರಿದಾಗಬಹುದು. ಆದರೆ ಮಾಡಿಸಿದ್ದು, ಒಪ್ಪಿದ್ದು ಎಂಬ ಮನೆಗಳು ಹಾಗೆಯೇ ಉಳಿಯುತ್ತವೆ. ಗುತ್ತಿಗೆಯ ಪತ್ರ ಎಷ್ಟೇ ಉದ್ದವಿದ್ದರೂ ಕಾರಿತ, ಅನುಮತಗಳನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಡಲು ಆಗುವುದಿಲ್ಲ.

ಶ್ರಾವಕನ ಹನ್ನೊಂದು ಪ್ರತಿಮೆಗಳ ಕ್ರಮವನ್ನು ಇಲ್ಲಿ ನೆನೆಯುವುದು ಉಚಿತ. ಆರಂಭತ್ಯಾಗ ಎಂಟನೆಯದು, ಪರಿಗ್ರಹತ್ಯಾಗ ಒಂಬತ್ತನೆಯದು. ಗೃಹಕಾರ್ಯಗಳಿಗೆ ಒಪ್ಪಿಗೆ ಕೊಡುವುದನ್ನೂ ಬಿಡುವ ಅನುಮತಿತ್ಯಾಗ ಬರುವುದು ಹತ್ತನೆಯದಾಗಿ. ತನ್ನ ಕೈಯಿಂದ ಕೆಲಸ ಬಿಟ್ಟವನು ಒಪ್ಪಿಗೆಯ ಹೊಣೆಯಿಂದಲೂ ಬಿಡುಗಡೆ ಪಡೆಯಲು ಇನ್ನೂ ಎರಡು ಮೆಟ್ಟಿಲು ಏರಬೇಕು. ಒಂದನೆಯ ಎರಡನೆಯ ಮೆಟ್ಟಿಲಿನಲ್ಲಿ ತಡವರಿಸುತ್ತಿರುವ ಸಾಮಾನ್ಯ ಗೃಹಸ್ಥ, ಬೀಗದ ಕೈ ಗುತ್ತಿಗೆದಾರನಿಗೆ ಕೊಟ್ಟ ಮಾತ್ರಕ್ಕೆ ಹತ್ತನೆಯದನ್ನು ತಲುಪಿದವನಂತೆ ನಿಶ್ಚಿಂತನಾಗುವುದು ಸೋಜಿಗದ ಸಂಗತಿಯೇ ಸರಿ.

ಪುಣ್ಯದ ವಿಷಯದಲ್ಲಿ ಈ ಸೋಜಿಗ ಯಾರನ್ನೂ ಕಾಡುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಬಳಿಯ ಶಾಸನ ಚಾವುಂಡರಾಯನನ್ನು ಕುರಿತು ‘ಮಾಡಿಸಿದಂ’ ಎಂದು ಹೇಳುತ್ತದೆ. ಆ ಸಾಲಿನಲ್ಲಿ ಉಳಿ ಹಿಡಿದವರ ಹೆಸರಿಲ್ಲ. ಸಾವಿರ ವರ್ಷಗಳ ನಂತರ ಬಸದಿಯ ಗೋಡೆಗೆ ಹಚ್ಚುವ ಅಮೃತಶಿಲೆಯ ಫಲಕಗಳಲ್ಲಿಯೂ ಅದೇ ಕ್ರಿಯಾಪದ: ಇಂಥವರು ಮಾಡಿಸಿಕೊಟ್ಟದ್ದು. ಕಲ್ಲು ಹೊತ್ತವರು ಬೇರೆ, ಫಲಕದ ಹೆಸರು ಬೇರೆ. ಮಾಡಿಸಿದ್ದಕ್ಕೆ ಪುಣ್ಯವುಂಟೆಂದು ನಂಬಿದ ಸಮಾಜ, ಮಾಡಿಸುವಾಗ ಬಿದ್ದವನ ಸೊಂಟ ಮುರಿದರೆ ಅದು ಗುತ್ತಿಗೆದಾರನದೆನ್ನುವುದು ಯಾವ ನ್ಯಾಯ?

ಸೊಂಟ ಮುರಿದ ಮಾತು ದೃಷ್ಟಾಂತಕ್ಕಾಗಿ ಹೇಳಿದ್ದಲ್ಲ. 1996ರಲ್ಲಿ ಮಾಸ್ತರರು ಕಾರ್ಯದರ್ಶಿಯಾಗಿದ್ದಾಗ ಬಸದಿಯ ಪೌಳಿಯ ಮಾಡು ಬಿಚ್ಚಿ ಹೊದಿಸುವ ಕೆಲಸ ನಡೆಯಿತು. ಗುತ್ತಿಗೆದಾರ ಕೇಳಿದ್ದು 1,85,000 ರೂಪಾಯಿ. ಸಮಿತಿಯವರು ಮೂರು ಸಲ ಕೂರಿಸಿ ಮಾತಾಡಿ 1,60,000ಕ್ಕೆ ಇಳಿಸಿದರು. ದೇವರ ಹಣ ಉಳಿಸಿದೆವೆಂಬ ಸಂತೋಷ ಎಲ್ಲರಿಗೂ ಇತ್ತು. ಕೆಲಸದ ಮೂರನೆಯ ವಾರ ಹೆಂಚಿನ ಕೆಲಸದವರೊಬ್ಬರು ಹದಿನೆಂಟು ಅಡಿ ಮೇಲಿನಿಂದ ಬಿದ್ದರು. ಜೀವ ಉಳಿಯಿತು, ಸೊಂಟ ಸರಿಯಾಗಲಿಲ್ಲ. ಗುತ್ತಿಗೆದಾರ ಆಸ್ಪತ್ರೆಗೆ ಸ್ವಲ್ಪ ಹಣ ಕಟ್ಟಿ, ಆ ವರ್ಷದ ಕೊನೆಗೆ ಊರು ಬಿಟ್ಟ. ಸಮಿತಿಯ ಸಭೆಯಲ್ಲಿ ಮಾನವೀಯತೆಯ ದೃಷ್ಟಿಯಿಂದ 5,000 ರೂಪಾಯಿ ಕೊಡುವುದೆಂದೂ, ಒಪ್ಪಂದದ ಪ್ರಕಾರ ಹೊಣೆ ಸಂಪೂರ್ಣವಾಗಿ ಗುತ್ತಿಗೆದಾರನದೆಂದೂ ನಿರ್ಣಯವಾಯಿತು. ನಿರ್ಣಯವನ್ನು ಬರೆದು ಸಹಿ ಹಾಕಿದವರು ಮಾಸ್ತರರು.

ಕಾನೂನಿನ ದೃಷ್ಟಿಯಿಂದ ಅದು ತಪ್ಪೆಂದು ಹೇಳುವಂತಿರಲಿಲ್ಲ. ಆಗ ಜಾರಿಯಲ್ಲಿದ್ದ 1923ರ ಕಾರ್ಮಿಕರ ಪರಿಹಾರ ಕಾಯ್ದೆ, ತನ್ನ ವ್ಯಾಪಾರ ಉದ್ಯಮಗಳ ಸಲುವಾಗಿ ಗುತ್ತಿಗೆ ಕೊಟ್ಟವನನ್ನು ಹೊಣೆ ಮಾಡುತ್ತಿತ್ತು. ಬಸದಿಯ ಮಾಡು ವ್ಯಾಪಾರವಲ್ಲವೆಂದು ವಕೀಲರು ಸಮಿತಿಗೆ ಧೈರ್ಯ ಹೇಳಿದರು. ಕಟ್ಟಡ ಕಾರ್ಮಿಕರಿಗಾಗಿಯೇ ಪ್ರತ್ಯೇಕ ಕಾಯ್ದೆ ಬಂದದ್ದು ಅದೇ 1996ರಲ್ಲಿ, ಕರ್ನಾಟಕದಲ್ಲಿ ಅದರ ನಿಯಮಗಳು ಬಂದದ್ದು 2006ರಲ್ಲಿ. ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯ ಕೆಲಸವನ್ನು ಅದೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. 2025ರ ನವೆಂಬರಿನಲ್ಲಿ ಈ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದವು. ಮಾಸ್ತರರ ಮನಸ್ಸಿಗೆ ಚುಚ್ಚುತ್ತಿದ್ದುದು ಕಾಯ್ದೆಯಲ್ಲ. ಬಿದ್ದವರು ನೆರೆಯ ಊರಿನವರೇ. ಬಸ್ ನಿಲ್ದಾಣದಲ್ಲಿ ಕೋಲೂರಿ ನಿಂತದ್ದು ಕಣ್ಣಿಗೆ ಬೀಳುತ್ತಿತ್ತು, ನಮಸ್ಕಾರ ಪ್ರತಿನಮಸ್ಕಾರ ನಡೆಯುತ್ತಿತ್ತು. ಇಪ್ಪತ್ತೆಂಟು ವರ್ಷಗಳಲ್ಲಿ ಆ ದಿನದ ಮಾತು ಒಮ್ಮೆಯೂ ಬಂದಿರಲಿಲ್ಲ.

ಮಗನ ಮಾತು ಕೇಳಿದ ಕೆಲವು ವಾರಗಳ ಮೇಲೆ, ಪತ್ನಿಗೆ ಎಲ್ಲವನ್ನೂ ಹೇಳಿ, ಒಂದು ಮಧ್ಯಾಹ್ನ ಮಾಸ್ತರರು ಲಕೋಟೆಯಲ್ಲಿ ಸ್ವಲ್ಪ ಹಣವಿಟ್ಟುಕೊಂಡು ಅವರ ಮನೆಗೆ ಹೋದರು. ಹೋದ ಕಾರಣವನ್ನು ಹೇಳಲು ಬಹಳ ಹೊತ್ತು ಹಿಡಿಯಿತು. ಮನೆ ದುರಸ್ತಿಯ ವಿಷಯವೆತ್ತಿ, ಹಳೆಯ ಮಾಡು ಬಿಚ್ಚುವಾಗ ಏನೇನು ನೋಡಬೇಕೆಂದು ಕೇಳಿದರು. ಅವರು ಉತ್ಸಾಹದಿಂದಲೇ ಹೇಳಿದರು: ಗೋಡೆಯ ಮೇಲೆ ಕೂತ ಪಕ್ಕಾಸಿನ ತುದಿ ಮೊದಲು ನೋಡಬೇಕು, ನಡುವೆ ಗಟ್ಟಿ ಕಂಡರೂ ತುದಿ ಕುಂಬಾಗಿರುತ್ತದೆ, ಹೆಂಚನ್ನು ಒಂದೇ ಬದಿಯಿಂದ ಇಳಿಸಬಾರದು, ಭಾರ ಎರಡೂ ಕಡೆ ಸಮನಾಗಿ ಕಡಿಮೆಯಾಗಬೇಕು. ನಂತರ ತಾವಾಗಿಯೇ ಅಂದರು: “ನಾವು ಆ ದಿನ ಇನ್ನೊಂದು ಸಾಲು ಬಿದಿರು ಕಟ್ಟಲು ಕೇಳಿದ್ದೆವು ಮಾಷ್ಟ್ರೇ. ಅದು ಆಗದಿದ್ದರೆ ಸೊಂಟಕ್ಕೆ ಕಟ್ಟಲು ಒಂದು ಹಗ್ಗವಾದರೂ ಕೊಡಿ ಅಂದೆವು. ಕಮಿಟಿಯವರು ರೇಟು ಇಳಿಸಿದ್ದಾರೆ, ಇದ್ದದ್ದರಲ್ಲಿ ಮುಗಿಸಿ ಅಂತ ಅವ ಹೇಳಿದ.”

ಮಾತಿನಲ್ಲಿ ಸಿಟ್ಟಿರಲಿಲ್ಲ. ಮಾಸ್ತರರು ಲಕೋಟೆಯನ್ನು ಮುಂದಿಟ್ಟರು. ಅವರು ಕೈ ಚಾಚಲಿಲ್ಲ, ಬೇಡವೆನ್ನಲೂ ಇಲ್ಲ. ಆ ವರ್ಷಗಳಲ್ಲಿ ಬೀಡಿ ಕಟ್ಟಿ ಮನೆ ನಡೆಸಿದ ಅವರ ಪತ್ನಿ ಬೀಡಿಯ ಮೊರದಿಂದ ತಲೆಯೆತ್ತದೆ ಹೇಳಿದರು: “ಕೊಡುವುದಿದ್ದರೆ ಕಮಿಟಿ ಕೊಡಲಿ. ಮಾಷ್ಟ್ರು ಯಾಕೆ ಕೊಡುವುದು?” ಲಕೋಟೆ ಮಾಸ್ತರರ ಜೊತೆಗೇ ಮರಳಿ ಬಂತು.

ಅಲ್ಲಿಂದ ಬಂದ ಮೇಲೆ ದಂಪತಿಗಳ ಮಾತು ಬೇಗ ಮುಗಿಯಿತು. ದಿನಗೂಲಿಯ ಯೋಚನೆಯನ್ನು ಕೈಬಿಟ್ಟರು. ಎಪ್ಪತ್ತು ದಾಟಿದವರು ನಾಲ್ಕು ಬಗೆಯ ಕೆಲಸದವರನ್ನು ಒಬ್ಬರ ಹಿಂದೊಬ್ಬರಂತೆ ಹೊಂದಿಸುವುದು ಸಾಧ್ಯವಿಲ್ಲವೆಂಬುದು ಒಂದು. ಮಾಡಿನ ಮೇಲಿನ ಕೆಲಸದ ಅಪಾಯ ತಿಳಿಯದವನು ಅದರ ಮೇಲ್ವಿಚಾರಣೆ ಮಾಡುವುದೇ ಪ್ರಮಾದವೆಂಬುದು ಇನ್ನೊಂದು. ಪ್ರಮಾದದಿಂದಾಗುವ ಪ್ರಾಣಹಾನಿಯೇ ಹಿಂಸೆಯೆಂದು ಶಾಸ್ತ್ರ ಹೇಳುವಾಗ, ಕೆಲಸ ಬಲ್ಲವನನ್ನು ನೇಮಿಸುವುದು ಸೋಮಾರಿತನವಾಗಲಾರದು. ಪೇಟೆಯವರನ್ನು ಬಿಟ್ಟು ಎರಡನೆಯವರಿಗೆ ಹೇಳಿ ಕಳಿಸಿದರು.

ಮಾಸ್ತರರು ಶರತ್ತುಗಳನ್ನು ಕಾಗದದಲ್ಲಿ ಬರೆದಿಟ್ಟಿದ್ದರು. ಮಾಡಿನ ಕೆಲಸಕ್ಕೆ ಎರಡು ಸಾಲಿನ ಅಟ್ಟಣೆ, ಮೇಲೆ ಹತ್ತುವ ಪ್ರತಿಯೊಬ್ಬರಿಗೂ ಹಗ್ಗ ಮತ್ತು ಪಟ್ಟಿ, ಕೆಲಸದವರ ಹೆಸರಿನಲ್ಲಿ ಅಪಘಾತದ ವಿಮೆ, ಕೂಲಿ ವಾರಕ್ಕೊಮ್ಮೆ ತಪ್ಪದೆ, ಮಧ್ಯಾಹ್ನ ಒಂದು ಗಂಟೆಗೆ ಊಟದ ಬಿಡುವು, ಸೂರ್ಯ ಮುಳುಗುವ ಮೊದಲು ಕೆಲಸ ಮುಕ್ತಾಯ, ಒಬ್ಬರ ತಲೆಗೆ ಎರಡು ಕಲ್ಲು ಹೊರಿಸಬಾರದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಎರಡು ಬರುತ್ತವೆ. ಇವನ್ನು ಎತ್ತು ಕುದುರೆಗಳಿಗೆ ಸಂಬಂಧಿಸಿದವೆಂದು ಓದಿ ಮುಂದೆ ಹೋಗುವುದೇ ವಾಡಿಕೆ. ಮನೆಯಲ್ಲಿ ಎತ್ತುಗಳಿಲ್ಲದ ಈ ಕಾಲದಲ್ಲಿ ಮುರಕಲ್ಲು ಹೊರುವ ತಲೆಗಳು ಯಾರವೆಂದು ನೋಡಿದರೆ ಆ ಎರಡಕ್ಕೆ ಅರ್ಥ ಹುಡುಕಬೇಕಾಗಿಲ್ಲ.

ಗುತ್ತಿಗೆದಾರರು ಕಾಗದವನ್ನು ಎರಡು ಸಲ ಓದಿದರು. “ಇದೆಲ್ಲ ಆಗುತ್ತದೆ ಮಾಷ್ಟ್ರೇ. ಆದರೆ ಹದಿಮೂರೂವರೆಯಲ್ಲಿ ಆಗುವುದಿಲ್ಲ. ದರ ಇಳಿಸಿ ಅನ್ನುವವರು ಈ ಕಾಗದ ತರುವುದಿಲ್ಲ, ಈ ಕಾಗದ ತಂದವರು ದರ ಇಳಿಸಿ ಅನ್ನುವ ಹಾಗಿಲ್ಲ.” ಶರತ್ತುಗಳಿಗಾಗಿ ಅವರು ಇನ್ನೂ 90,000 ರೂಪಾಯಿ ಕೇಳಿದರು. ಪ್ರತಿಯೊಂದಕ್ಕೂ ಎಷ್ಟೆಂದು ಬೇರೆ ಬೇರೆಯಾಗಿ ಬರೆದುಕೊಟ್ಟರು. ಮಾಸ್ತರರ ಬಾಯಿಗೆ ಚೌಕಾಸಿಯ ಮಾತು ಬಂದದ್ದು ಸುಳ್ಳಲ್ಲ. ನಲವತ್ತು ವರ್ಷ ಸಂಬಳದಲ್ಲಿ ಬದುಕಿದವರಿಗೆ ಅದು ಉಸಿರಿನಷ್ಟು ಸಹಜ. ಮನೆಯೊಡತಿ ಒಳಗಿನಿಂದ ಬಂದು, ಆಗಲಿ ಎಂದರು. ಮನೆ ಆಕೆಯದಾದುದರಿಂದ ಮಾತು ಅಲ್ಲಿಗೆ ನಿಂತಿತು.

ಇನ್ನೊಂದು ಕಷ್ಟ ಉಳಿದಿತ್ತು. ಈಗ ಕರಾವಳಿಯ ಕಟ್ಟಡ ಕೆಲಸಕ್ಕೆ ಬರುವವರಲ್ಲಿ ಉತ್ತರ ಕರ್ನಾಟಕದವರು, ಒಡಿಶಾ ಬಂಗಾಳಗಳವರು ಬಹಳ. ಅಂಗಳದ ಬದಿಗೆ ತಗಡಿನ ಶೆಡ್ಡು ಹಾಕಿದರೆ ನಾಲ್ವರು ಅಲ್ಲಿಯೇ ಉಳಿಯುತ್ತಾರೆಂದು ಗುತ್ತಿಗೆದಾರರು ಕೇಳಿದರು. ಉಳಿದವರು ಅಡುಗೆ ಮಾಡಿಕೊಳ್ಳುತ್ತಾರೆ, ಅಡುಗೆಯಲ್ಲಿ ಮೀನು ಇದ್ದೇ ಇರುತ್ತದೆ. ಬೇಡವೆನ್ನುವುದು ಸುಲಭ. ಆದರೆ ದಿನವಿಡೀ ಕಲ್ಲು ಹೊತ್ತವರಿಗೆ ಇಲ್ಲಿಯೇ ಇರಿ, ನಿಮ್ಮ ಊಟ ಮಾತ್ರ ಮಾಡಬೇಡಿ ಎಂದರೆ ಅದು ಅನ್ನಪಾನನಿರೋಧದ ಹತ್ತಿರವೇ ಹೋಗುತ್ತದೆ. “ನಮ್ಮ ವ್ರತ ನಮ್ಮ ಹೊಟ್ಟೆಗೆ, ಅವರ ಹೊಟ್ಟೆಗೆ ಹಾಕುವುದು ಬೇಡ” ಎಂದರು ಮನೆಯೊಡತಿ. ಬಸ್ ನಿಲ್ದಾಣದ ಹತ್ತಿರ ಅವರಿಗೊಂದು ಕೋಣೆ ಬಾಡಿಗೆಗೆ ಹಿಡಿದು ಬಾಡಿಗೆಯನ್ನು ಮನೆಯವರೇ ಕೊಡುವುದು, ಮಧ್ಯಾಹ್ನದ ಗಂಜಿ ಊಟ ಮನೆಯಿಂದಲೇ ಕೊಡುವುದು ಎಂದಾಯಿತು. ಮೊಣಕಾಲು ನೋವಿನ ಆಕೆ ನಾಲ್ಕು ತಿಂಗಳು ಎಂಟು ಹತ್ತು ಮಂದಿಗೆ ಅಡುಗೆ ಮಾಡಿಸುವ ಹೊಣೆ ಹೊತ್ತರು. ಅದಕ್ಕೆ ಸಹಾಯಕ್ಕೆಂದು ಬಂದ ನೆರೆಯ ಹೆಂಗಸಿನ ಸಂಬಳವೂ ಲೆಕ್ಕಕ್ಕೆ ಸೇರಿತು.

ಗೆದ್ದಲಿನ ಮಾತು ಅಷ್ಟು ಸುಲಭವಾಗಿ ತೀರಲಿಲ್ಲ. ಗೋಡೆ ನೆಲ ಕೂಡುವಲ್ಲಿ ಒಂದೊಂದು ಅಡಿಗೆ ರಂಧ್ರ ಕೊರೆದು ಕ್ಲೋರ್‌ಪೈರಿಫಾಸ್‌ನಂಥ ವಿಷ ಇಳಿಸುವುದು ಈಗಿನ ಪದ್ಧತಿ. ಗುತ್ತಿಗೆದಾರರ ಪಟ್ಟಿಯಲ್ಲಿ ಅದು ಮೊದಲೇ ಸೇರಿತ್ತು. ಗೃಹಸ್ಥನಿಗೆ ಆರಂಭೀ ಹಿಂಸೆ ತಪ್ಪದು, ಸಂಕಲ್ಪೀ ಹಿಂಸೆ ವರ್ಜ್ಯ ಎಂಬುದನ್ನು ಎಲ್ಲರೂ ಬಲ್ಲರು. ಇದು ಯಾವುದರಲ್ಲಿ ಸೇರುತ್ತದೆ? ಮನೆ ಉಳಿಸಿಕೊಳ್ಳಲು ಮಾಡುವ ಕೆಲಸವಾದ್ದರಿಂದ ಆರಂಭಿಯೆಂದು ಮಾಸ್ತರರ ಸ್ನೇಹಿತರೊಬ್ಬರು ವಾದಿಸಿದರು. ಕೊಲ್ಲುವುದೇ ಉದ್ದೇಶವಾಗಿ, ಕೊಲ್ಲುವ ವಸ್ತುವನ್ನೇ ತಂದು ಹಾಕುವುದು ಸಂಕಲ್ಪವಲ್ಲದೆ ಮತ್ತೇನೆಂದು ಮನೆಯೊಡತಿ ಕೇಳಿದರು. ವಾದ ಬಗೆಹರಿಯಲಿಲ್ಲ. ಬಾವಿ ಗೋಡೆಯಿಂದ ಕೆಲವೇ ಗಜ ದೂರದಲ್ಲಿರುವುದರಿಂದ ವಿಷ ನೀರಿಗೆ ಇಳಿಯುವ ಭಯವೂ ಇತ್ತು.

ಗುತ್ತಿಗೆದಾರರೇ ಬೇರೆ ದಾರಿ ಹೇಳಿದರು. ಗೆದ್ದಲು ಬರುವುದು ತೇವಕ್ಕೆ. ಮಾಡಿನ ಮೂಲೆಗೆ ಅಗಲವಾದ ಹರಿಣಿ ಕೂರಿಸಿ ನೀರು ಗೋಡೆಗೆ ಇಳಿಯದಂತೆ ಮಾಡಿ, ಗೋಡೆಗೆ ಸಿಮೆಂಟಿನ ಬದಲು ಹಿಂದಿನಂತೆ ಸುಣ್ಣದ ಗಾರೆಯನ್ನೇ ಹಚ್ಚಿದರೆ ಮುರಕಲ್ಲು ಒಳಗಿನ ತೇವವನ್ನು ಹೊರಗೆ ಬಿಟ್ಟು ಒಣಗುತ್ತದೆ. ಕಂಬದ ಬುಡವನ್ನು ಒಂದೂವರೆ ಅಡಿ ಕೊಯ್ದು ಕೆಳಗೆ ಕಲ್ಲಿನ ಪೀಠ ಕೊಟ್ಟರೆ, ಮಣ್ಣಿನಿಂದ ಮರಕ್ಕೆ ಹೋಗುವ ದಾರಿ ಕಲ್ಲಿನ ಮೇಲೆ ಕಣ್ಣಿಗೆ ಕಾಣುತ್ತದೆ; ಕಂಡಾಗ ಒರಸಿ ತೆಗೆಯಬಹುದು. “ಇದು ನನ್ನ ಗುರು ಮೇಸ್ತ್ರಿ ಕಲಿಸಿದ್ದು. ಆದರೆ ವಿಷ ಹಾಕದಿದ್ದರೆ ನಾನು ಗ್ಯಾರಂಟಿ ಬರೆದುಕೊಡುವುದಿಲ್ಲ.” ಗ್ಯಾರಂಟಿಯಿಲ್ಲದೆಯೇ ಒಪ್ಪಂದಕ್ಕೆ ಸಹಿಯಾಯಿತು.

ಕೆಲಸ ಆರಂಭವಾದದ್ದು ಕಾರ್ತಿಕ ಕಳೆದ ಮೇಲೆ. ಮಳೆಗಾಲದಲ್ಲಿ ನೆಲದಲ್ಲಿ ಜೀವರಾಶಿ ಹೆಚ್ಚೆಂದು ಮುನಿಗಳು ವಿಹಾರ ನಿಲ್ಲಿಸುವ ನಾಲ್ಕು ತಿಂಗಳು ಹೆಂಚಿನ ಕೆಲಸದವರೂ ಮಾಡು ಬಿಚ್ಚುವುದಿಲ್ಲ. ಎಲ್ಲವೂ ಬರೆದಿಟ್ಟಂತೆ ನಡೆಯಿತೆಂದಲ್ಲ. ಸೊಂಟದ ಪಟ್ಟಿಯನ್ನು ಹುಡುಗರು ಮೊದಲ ವಾರ ಕಟ್ಟಿಕೊಳ್ಳಲೇ ಇಲ್ಲ, ಸೆಕೆಯೆಂದು ಬಿಚ್ಚಿ ಜಗಲಿಯ ಮೇಲೆ ಹಾಕಿದರು. ಮಾಸ್ತರರು ಕೆಳಗೆ ಕುರ್ಚಿ ಹಾಕಿ ಕುಳಿತು, ಕಟ್ಟದವರು ಇಳಿಯಬೇಕೆಂದು ಹಠ ಹಿಡಿದು ಎರಡು ದಿನದ ಕೆಲಸ ಕೆಡಿಸಿದರು. ಗಾರೆಗೂ ಕಾಂಕ್ರೀಟಿಗೂ ದಿನವೂ ಹೊಯ್ದ ನೀರನ್ನು ಸೋಸಲು ಆಗಲಿಲ್ಲ. ಕುಡಿಯುವ ಕೊಡಕ್ಕೆ ಬಟ್ಟೆ ಕಟ್ಟಿ, ಆ ಬಟ್ಟೆಯನ್ನು ಬಾವಿಯ ನೀರಿಗೇ ತಿರುಗಿ ತೊಳೆಯುವ ಮನೆಯೊಡತಿ, ಕೊಳವೆಯಿಂದ ಗೋಡೆಗೆ ಸುರಿಯುವ ನೀರನ್ನು ನೋಡುತ್ತಾ ನಿಂತದ್ದುಂಟು. ಅವರ ಪ್ರತಿಕ್ರಮಣದಲ್ಲಿ ಆ ನೀರಿಗೂ ಪಾಲು ಬಂತು. ಗಾರೆ ಕೆದಕಿದಾಗ ದೇವರ ಕೋಣೆಯ ಹಿಂದಿನ ಗೋಡೆ ಒಳಗೆ ಪೂರ್ತಿ ಸಡಿಲವಾಗಿದ್ದುದು ಕಂಡು, ಅಳತೆಯ ಲೆಕ್ಕದಲ್ಲಿ 70,000 ರೂಪಾಯಿ ಏರಿತು. 2025ರ ಏಪ್ರಿಲಿನಲ್ಲಿ ಕೊನೆಯ ಹೆಂಚು ಕೂತಾಗ ಒಟ್ಟು ವೆಚ್ಚ ಪೇಟೆಯ ಗುತ್ತಿಗೆದಾರರು ಮೊದಲ ದಿನ ಹೇಳಿದ 16 ಲಕ್ಷದ ಸಮೀಪಕ್ಕೆ ಬಂದಿತ್ತು. ಮಗ ಇದನ್ನು ಕೇಳಿ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದ.

ಆ ವರ್ಷದ ಮಳೆಗಾಲದಲ್ಲಿ ಮೂಲೆಯಿಂದ ನೀರು ಇಳಿಯಲಿಲ್ಲ. ಆಗಸ್ಟಿನಲ್ಲಿ ಕಲ್ಲಿನ ಪೀಠದ ಮೇಲೆ ಬೆರಳುದ್ದದ ಮಣ್ಣಿನ ದಾರಿ ಕಾಣಿಸಿತು. ಮನೆಯೊಡತಿ ಅದನ್ನು ಒಣ ಬಟ್ಟೆಯಿಂದ ಮೆಲ್ಲನೆ ಒರಸಿ, ಮಣ್ಣನ್ನು ತೋಟದ ಬದುವಿಗೆ ಹಾಕಿ ಬಂದರು.

ಬಸದಿಯ ಭೋಜನಶಾಲೆಯ ಕಟ್ಟಡವನ್ನು ಗುತ್ತಿಗೆಗೆ ಕೊಡುವ ವಿಷಯ ಆ ಬಳಿಕ ಸಮಿತಿಯ ಮುಂದೆ ಬಂದಾಗ, ಈಗ ಸಾಮಾನ್ಯ ಸದಸ್ಯರಷ್ಟೇ ಆಗಿರುವ ಮಾಸ್ತರರು ತಮ್ಮ ಮನೆಯ ಕಾಗದವನ್ನೇ ತಂದು ಓದಿದರು. ದಾನಿಗಳ ಹಣವನ್ನು ಹೀಗೆ ಖರ್ಚು ಮಾಡಲು ಬರುತ್ತದೆಯೇ ಎಂದು ಒಬ್ಬರು ಕೇಳಿದರು. ಕಡಿಮೆ ದರದವರನ್ನು ಬಿಟ್ಟರೆ ಜನ ಏನೆನ್ನುತ್ತಾರೆ ಎಂದರು ಇನ್ನೊಬ್ಬರು. ಅಂದಾಜುಪಟ್ಟಿಯನ್ನು ಹೊಸದಾಗಿ ತರಿಸುವುದೆಂದು ನಿರ್ಣಯವಾಯಿತು. 1996ರಲ್ಲಿ ಬಿದ್ದವರ ವಿಷಯವನ್ನೂ ಮಾಸ್ತರರು ಎತ್ತಿದರು. ಅಷ್ಟು ಹಳೆಯ ಸಂಗತಿ ಹೊಸ ಸದಸ್ಯರಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಆ ಕಾಲದ ನಡಾವಳಿ ಪುಸ್ತಕವನ್ನು ಹುಡುಕಿಸಿ ಮುಂದಿನ ಸಭೆಯಲ್ಲಿ ಇಡಬೇಕೆಂದು ಅಧ್ಯಕ್ಷರು ಹೇಳಿದರು. ಪುಸ್ತಕವನ್ನು ಮಾಸ್ತರರೇ ಕಪಾಟಿನಿಂದ ಹುಡುಕಿ ತೆಗೆದು, ತಮ್ಮ ಸಹಿಯಿರುವ ಪುಟಕ್ಕೆ ಗುರುತಿನ ಚೀಟಿಯಿಟ್ಟು ಅಧ್ಯಕ್ಷರ ಮನೆಗೆ ಮುಟ್ಟಿಸಿದರು. ಮುಂದಿನ ಸಭೆಯ ದಿನ ಇನ್ನೂ ಗೊತ್ತಾಗಿಲ್ಲ.